ಹೆಬ್ರಾನಿನಲ್ಲಿ ಇಬ್ಬರು ಗೈಡ್‌ಗಳೊಂದಿಗೆ ಒಂದು ದಿನ

ಜೆರುಸಲೇಮಿನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಇಸ್ರೇಲ್ ಆಕ್ರಮಿತ ಪಶ್ಚಿಮ ದಂಡೆಯಲ್ಲಿರುವ ಹೆಬ್ರಾನ್ ನಗರಕ್ಕೆ ಒಂದು ದಿನದ ಪ್ರವಾಸ ಏರ್ಪಡಿಸುವ ಸಂಸ್ಥೆಗಳು ಹಲವಿವೆ. 2019ರಲ್ಲಿ ನಾನು ಆರಿಸಿಕೊಂಡ ಪ್ರವಾಸದಲ್ಲಿ ಅರ್ಧ ದಿನ ಪ್ಯಾಲೆಸ್ತೀನಿ ಗೈಡ್, ಇನ್ನರ್ಧ ದಿನ ಇಸ್ರೇಲಿ ಗೈಡ್ ನಗರವನ್ನು ತೋರಿಸುತ್ತಿದ್ದರು. ಇಷ್ಟು ತಡವಾಗಿ ಅದರ ಬಗ್ಗೆ ಬರೆಯಲು ಕಾರಣವಿದೆ. ಕಳೆದ ವರ್ಷ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನ ಅಪಾರ್ತೀಡ್ (ವರ್ಣಭೇದ ನೀತಿ) ಮ್ಯೂಸಿಯಂ ನೋಡಿಬಂದ ಮೇಲೆಯೇ ಆ ಪ್ರವಾಸ ನನಗೆ ಏನನ್ನು ಕೊಟ್ಟಿತು, ಏನನ್ನು ಕೊಡದೆ ಉಳಿಸಿತು ಎಂಬುದು ತಿಳಿಯಾಯಿತು.

ಬೆಳಗಿನ ಭಾಗ ಹಳೆಯ ಪೇಟೆಯಲ್ಲಿ ಕಳೆಯಿತು. 1997ರ ಒಪ್ಪಂದದಂತೆ ನಗರವನ್ನು ಎಚ್-1, ಎಚ್-2 ಎಂದು ಎರಡಾಗಿ ಹಂಚಲಾಗಿದೆ. ಶೇ 80ರಷ್ಟು ಭಾಗ ಪ್ಯಾಲೆಸ್ತೀನಿ ಆಡಳಿತದ ಕೈಯಲ್ಲಿದ್ದರೆ, ಹಳೆಯ ಪೇಟೆಯನ್ನೂ ಒಳಗೊಂಡ ಉಳಿದ ಶೇ 20ರಷ್ಟು ಭಾಗ ಇಸ್ರೇಲಿ ಸೇನೆಯ ಹತೋಟಿಯಲ್ಲಿದೆ. ಆ ಎಚ್-2ರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಪ್ಯಾಲೆಸ್ತೀನಿಯರ ನಡುವೆ ಕೆಲವು ನೂರು ಯಹೂದಿ ವಸಾಹತುದಾರರು ವಾಸಿಸುತ್ತಾರೆ. ಪೇಟೆಯ ಓಣಿಗಳ ಮೇಲೆ ತಂತಿಯ ಬಲೆ ಹೊದಿಸಿದ್ದಾರೆ. ಮೇಲಿನ ಮಹಡಿಗಳಲ್ಲಿ ವಾಸಿಸುವ ವಸಾಹತುದಾರರು ಎಸೆಯುವ ಕಸ ಕೆಳಗಿನ ಅಂಗಡಿಗಳ ಮೇಲೆ ಬೀಳದಿರಲೆಂದು ಕಟ್ಟಿದ ಬಲೆ ಅದು ಎಂದು ಗೈಡ್ ಹೇಳಿದರು. ತಲೆಯೆತ್ತಿ ನೋಡಿದಾಗ ಒಂದು ಪ್ಲಾಸ್ಟಿಕ್ ಕುರ್ಚಿಯ ಕಾಲು, ಬಾಟಲಿಗಳು, ಒಂದು ಒದ್ದೆ ಚಾಪೆ ಅದರಲ್ಲಿ ಸಿಕ್ಕಿಕೊಂಡಿದ್ದವು. ಮಧ್ಯಾಹ್ನ ಒಂದು ಮನೆಯಲ್ಲಿ ಊಟ. ಪಾತ್ರೆಯನ್ನು ದೊಡ್ಡ ತಟ್ಟೆಯ ಮೇಲೆ ಬೋರಲು ಹಾಕಿ ಬಡಿಸುವ ಮಕ್ಲೂಬಾವನ್ನು ಸಸ್ಯಾಹಾರಿಗಳಿಗಾಗಿ ಬದನೆಕಾಯಿ, ಹೂಕೋಸು ಹಾಕಿ ಬೇರೆಯಾಗಿಯೇ ಮಾಡಿದ್ದರು. ಆ ದಿನ ಯಾವ ತಕರಾರೂ ಇಲ್ಲದೆ ಮುಗಿದದ್ದು ಈ ಊಟವೊಂದೇ ಎನ್ನಬಹುದು.

ಊಟದ ನಂತರ ಶುಹದಾ ಬೀದಿಯ ಚೆಕ್‌ಪೋಸ್ಟಿಗೆ ಬಂದೆವು. ಒಂದು ಕಾಲಕ್ಕೆ ನಗರದ ಮುಖ್ಯ ವ್ಯಾಪಾರದ ಬೀದಿಯಾಗಿದ್ದ ಇದರ ಬಹುಭಾಗದಲ್ಲಿ ಪ್ಯಾಲೆಸ್ತೀನಿಯರು ಓಡಾಡುವಂತಿಲ್ಲ. ಅಂಗಡಿಗಳ ಬಾಗಿಲುಗಳಿಗೆ ವೆಲ್ಡಿಂಗ್ ಮಾಡಿ ವರ್ಷಗಳೇ ಆಗಿವೆ. ಗೈಡ್ ಅಲ್ಲಿಯೇ ನಿಂತು, ‘ಇನ್ನು ಮುಂದೆ ನೀವು ಹೋಗಬಹುದು, ನಾನು ಬರುವಂತಿಲ್ಲ’ ಎಂದರು. ಕಾವಲಿನ ಹುಡುಗ ನನ್ನ ಭಾರತೀಯ ಪಾಸ್‌ಪೋರ್ಟಿನ ಹೊದಿಕೆಯನ್ನಷ್ಟೇ ನೋಡಿ ಕೈಬೀಸಿದ. ಆ ಊರಿನಲ್ಲೇ ಹುಟ್ಟಿ ಬೆಳೆದವರಿಗೆ ಇಲ್ಲದ ದಾರಿ ಸಾವಿರಾರು ಕಿಲೋಮೀಟರ್ ದೂರದ ಮೈಸೂರಿನಿಂದ ಬಂದ ನನಗೆ ತೆರೆದಿತ್ತು. ಪ್ರವಾಸದ ಕರಪತ್ರದಲ್ಲಿ ಇದನ್ನು ‘ಗೈಡ್ ಬದಲಾವಣೆ’ ಎಂದಷ್ಟೇ ಮುದ್ರಿಸಿದ್ದರು.

ಇಸ್ರೇಲಿ ಗೈಡ್ ನಮ್ಮನ್ನು ಬೇತ್ ಹದಸ್ಸಾ ಎಂಬ ವಸಾಹತುದಾರರ ಕಟ್ಟಡದ ಸಂಗ್ರಹಾಲಯಕ್ಕೆ ಕರೆದೊಯ್ದರು. 1929ರಲ್ಲಿ ಇದೇ ನಗರದಲ್ಲಿ 67 ಯಹೂದಿಯರ ಕೊಲೆಯಾಯಿತು; ಶತಮಾನಗಳಿಂದ ಅಲ್ಲಿದ್ದ ಸಮುದಾಯವೇ ಕಿತ್ತುಹೋಯಿತು. ತಮ್ಮದು ವಸಾಹತಲ್ಲ, ಮರಳಿ ಬಂದ ಮನೆ ಎಂಬುದು ವಸಾಹತುದಾರರ ವಾದ. ಆ ಕೊಠಡಿಯ ಭಾವಚಿತ್ರಗಳ ಮುಂದೆ ನಿಂತವರಿಗೆ ಅದನ್ನು ಹಗುರವಾಗಿ ತಳ್ಳಿಹಾಕಲು ಆಗುವುದಿಲ್ಲ. ಆದರೆ 1994ರ ಫೆಬ್ರವರಿಯಲ್ಲಿ ಬರೂಖ್ ಗೋಲ್ಡ್‌ಸ್ಟೈನ್ ಎಂಬ ವಸಾಹತುದಾರ ಇದೇ ನಗರದ ಇಬ್ರಾಹಿಮಿ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಮಂದಿಯನ್ನು ಗುಂಡಿಕ್ಕಿ ಕೊಂದ ಸಂಗತಿಗೆ ಈ ಗೈಡ್ ಕೊಟ್ಟದ್ದು ಒಂದೇ ವಾಕ್ಯ. ಬೆಳಗಿನ ಗೈಡ್ 1929ಕ್ಕೆ ಅಷ್ಟನ್ನೂ ಕೊಟ್ಟಿರಲಿಲ್ಲ.

ಬಸ್ಸಿನಲ್ಲಿ ಮರಳುವಾಗ ಸಹಪ್ರಯಾಣಿಕರೊಬ್ಬರು ಇದು ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯೇ ಅಲ್ಲವೇ ಎಂದು ಕೇಳಿದರು. ಪ್ರವಾಸದ ಮೇಲ್ವಿಚಾರಕರು ‘ಎರಡೂ ಕಡೆ ಕೇಳಿದ್ದೀರಿ, ತೀರ್ಮಾನ ನಿಮ್ಮದು’ ಎಂದು ಮೈಕ್ ಆರಿಸಿದರು. ಈ ಸೇವೆಯ ದೊಡ್ಡ ಕೊರತೆ ಇದೇ. ತೀರ್ಮಾನ ಮಾಡಲು ಬೇಕಾದ ಸಾಮಗ್ರಿಯನ್ನು ಅವರು ಕೊಡಲಿಲ್ಲ.

ಆ ಸಾಮಗ್ರಿ ನನಗೆ ಸಿಕ್ಕಿದ್ದು ಜೋಹಾನ್ಸ್‌ಬರ್ಗಿನಲ್ಲಿ. 2001ರಲ್ಲಿ ತೆರೆದ ಆ ಮ್ಯೂಸಿಯಮ್ಮಿನ ಟಿಕೆಟ್ಟೇ ನಿಮ್ಮನ್ನು ‘ಬಿಳಿಯ’ ಅಥವಾ ‘ಬಿಳಿಯೇತರ’ ಎಂದು ಮನಬಂದಂತೆ ವಿಂಗಡಿಸಿ ಬೇರೆ ಬೇರೆ ಬಾಗಿಲಿನಿಂದ ಒಳಗೆ ಬಿಡುತ್ತದೆ. ಒಳಗೆ ತಂತಿಜಾಲದ ಹಿಂದೆ ಗುರುತಿನ ಚೀಟಿಗಳ ಸಾಲು. 1950ರ ಜನಸಂಖ್ಯಾ ನೋಂದಣಿ ಕಾಯ್ದೆ, ಅದೇ ವರ್ಷದ ವಸತಿ ಪ್ರದೇಶ ವಿಂಗಡಣೆಯ ಕಾಯ್ದೆ, ಕಪ್ಪು ಜನ ಸದಾ ಜೇಬಿನಲ್ಲಿಟ್ಟುಕೊಳ್ಳಬೇಕಿದ್ದ ಪಾಸು: ವರ್ಣಭೇದವೆಂದರೆ ಬೆಂಚಿನ ಮೇಲಿನ ಫಲಕವಷ್ಟೇ ಅಲ್ಲ, ಕಾಗದದ ಮೇಲೆ ಕಟ್ಟಿದ ಆಡಳಿತ ಎಂಬುದು ಅಲ್ಲಿ ಮನದಟ್ಟಾಗುತ್ತದೆ. ಪಶ್ಚಿಮ ದಂಡೆಯಲ್ಲೂ ಅಲ್ಲಿನ ಪ್ಯಾಲೆಸ್ತೀನಿಯರಿಗೆ ಹಸಿರು, ಇಸ್ರೇಲಿಗರಿಗೆ ನೀಲಿ ಗುರುತಿನ ಚೀಟಿಗಳಿವೆ, ಪರವಾನಗಿಗಳಿವೆ. ಒಂದೇ ಬೀದಿಯ ವಸಾಹತುದಾರನಿಗೆ ಇಸ್ರೇಲಿನ ನಾಗರಿಕ ಕಾನೂನು, ಪ್ಯಾಲೆಸ್ತೀನಿಗೆ ಸೇನಾ ನ್ಯಾಯಾಲಯ. ಹೋಲಿಕೆ ಬಲವಾಗಿ ನಿಲ್ಲುವುದು ಇಲ್ಲಿ.

ಎಲ್ಲೆಡೆಯೂ ಅದು ಹಾಗೆಯೇ ನಿಲ್ಲುವುದಿಲ್ಲ. ಇಸ್ರೇಲಿನೊಳಗಿನ ಅರಬ್ ಪ್ರಜೆಗಳು ಜನಸಂಖ್ಯೆಯ ಐದನೇ ಒಂದರಷ್ಟಿದ್ದು, ಮತ ಹಾಕುತ್ತಾರೆ, ಸಂಸತ್ತಿನಲ್ಲಿ ಕೂರುತ್ತಾರೆ. 1994ಕ್ಕೆ ಮೊದಲು ದಕ್ಷಿಣ ಆಫ್ರಿಕದ ಕಪ್ಪು ಜನರಿಗೆ ಅದು ಕನಸು. ಅಲ್ಲಿನ ಗಣಿಗಳಿಗೆ ಕಪ್ಪು ದುಡಿಮೆ ಅನಿವಾರ್ಯವಾಗಿತ್ತು. ಇಲ್ಲಿ ಒಂದೇ ನೆಲದ ಮೇಲೆ ಎರಡು ರಾಷ್ಟ್ರೀಯತೆಗಳ ಹಕ್ಕುಸಾಧನೆಯಿದೆ, ಎರಡನೇ ಇಂತಿಫಾದದ (ಪ್ಯಾಲೆಸ್ತೀನಿ ದಂಗೆಯ) ಆತ್ಮಾಹುತಿ ಬಾಂಬುಗಳ ನೆನಪಿದೆ. ದಕ್ಷಿಣ ಆಫ್ರಿಕದವರೇ ಆದ ನ್ಯಾಯಾಧೀಶ ರಿಚರ್ಡ್ ಗೋಲ್ಡ್‌ಸ್ಟೋನ್ 2011ರಲ್ಲಿ ಈ ಹೋಲಿಕೆಯನ್ನು ಅಲ್ಲಗಳೆದು ಬರೆದರು; ಅಲ್ಲಿಯವರೇ ಆದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಆ ಹೋಲಿಕೆಯನ್ನೇ ಮತ್ತೆ ಮತ್ತೆ ಮಾಡಿದವರು. ಆದರೆ 1973ರ ವಿಶ್ವಸಂಸ್ಥೆಯ ಒಡಂಬಡಿಕೆಯ ನಂತರ ಅಪಾರ್ತೀಡ್ ಎಂಬುದು ಒಂದು ದೇಶದ ಹೆಸರಿಗೆ ಅಂಟಿಕೊಂಡ ಪದವಾಗಿ ಉಳಿದಿಲ್ಲ, ಅಪರಾಧವೊಂದರ ಹೆಸರಾಗಿದೆ. ವರ್ಣಭೇದ ಆಡಳಿತದ ರಾಜಧಾನಿಯಾಗಿದ್ದ ಪ್ರಿಟೋರಿಯವನ್ನು ಪಡಿಯಚ್ಚಾಗಿ ಹುಡುಕಿ, ಸಿಗಲಿಲ್ಲವೆಂದು ನಿಟ್ಟುಸಿರು ಬಿಡುವುದು ಸರಿಯಾದ ಪರೀಕ್ಷೆಯಲ್ಲ. 2021ರಲ್ಲಿ ಇಸ್ರೇಲಿನದೇ ಮಾನವ ಹಕ್ಕು ಸಂಘಟನೆ ಬ್ತ್‌ಸೆಲೆಮ್, ಬಳಿಕ ಹ್ಯೂಮನ್ ರೈಟ್ಸ್ ವಾಚ್ ಈ ಪದವನ್ನು ಬಳಸಿದವು. ಇಸ್ರೇಲ್ ಸರ್ಕಾರ ಅದನ್ನು ಸಾರಾಸಗಟಾಗಿ ತಿರಸ್ಕರಿಸುತ್ತದೆ. 2024ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಜನಾಂಗೀಯ ಪ್ರತ್ಯೇಕತೆ ಮತ್ತು ಅಪಾರ್ತೀಡನ್ನು ನಿಷೇಧಿಸುವ ವಿಧಿಯನ್ನು ಆಕ್ರಮಿತ ಪ್ರದೇಶದಲ್ಲಿ ಇಸ್ರೇಲ್ ಉಲ್ಲಂಘಿಸಿದೆ ಎಂದು ಸಲಹಾತ್ಮಕ ಅಭಿಪ್ರಾಯ ಕೊಟ್ಟಿತು. ನಾನು ಕಂಡ ಹೆಬ್ರಾನಿನ ಮಟ್ಟಿಗೆ ಆ ಪದ ಅತಿಯೆಂದು ನನಗೆ ಅನ್ನಿಸುವುದಿಲ್ಲ.

ಸಂಸ್ಥೆ ಇಬ್ಬರಿಗೂ ಸಮನಾದ ಗಂಟೆಗಳನ್ನು ಹಂಚಿ ಅದನ್ನು ಸಮತೋಲನವೆಂದು ಮಾರುತ್ತದೆ. ಒಬ್ಬರು ನಡೆಯಲಾಗದ ಬೀದಿಯಲ್ಲಿ ಇನ್ನೊಬ್ಬರು ಕತೆ ಹೇಳುವಾಗ ಗಡಿಯಾರ ಸಮವಾಗಿದ್ದು ಏನು ಬಂತು? ಆದರೂ ಪ್ರವಾಸವನ್ನು ಬೇಡವೆನ್ನಲಾರೆ. ಇಷ್ಟನ್ನು ಒಂದೇ ದಿನದಲ್ಲಿ ಬೇರೆ ಯಾವ ಬಗೆಯಲ್ಲೂ ನೋಡಲಾಗದು. ಈಗ ಹೋಗುವವರು ಭದ್ರತಾ ಪರಿಸ್ಥಿತಿ ವಿಚಾರಿಸಿಕೊಂಡೇ ಹೊರಡಬೇಕು. ಪಾಸ್‌ಪೋರ್ಟ್ ಕೈಯಲ್ಲಿರಲಿ, ಮಸೀದಿಗೆ ತಕ್ಕ ಉಡುಪಿರಲಿ. ಬೆಳಗಿನ ಗೈಡ್‌ಗೆ ಭಕ್ಷೀಸು ಕೊಡುವ ಮನಸ್ಸಿದ್ದರೆ ಚಿಲ್ಲರೆ ಶೆಕೆಲ್ ನೋಟುಗಳನ್ನು ಚೆಕ್‌ಪೋಸ್ಟಿಗೆ ಮೊದಲೇ ತೆಗೆದಿಟ್ಟುಕೊಳ್ಳಿ. ಆಚೆಗೆ ದಾಟಿದ ಮೇಲೆ ಅವರು ಮತ್ತೆ ಸಿಗುವುದಿಲ್ಲ.