ಹಳೇ ಸಾಗವಾನಿಗೆ ಎಷ್ಟು ಕೊಡಬೇಕು: ಲಾಟು, ಅಡ್ಡೆ, ಚೌಕಟ್ಟು

ಬಾಗಲಕೋಟೆ, ಬೀಳಗಿ, ಜಮಖಂಡಿ ಕಡೆ ಹಳೇ ಮಾಳಿಗೆ ಮನೆ ಬಿಚ್ಚಿದಾಗ ಬರುವ ಕಟ್ಟಿಗೆ ಕೊಳ್ಳಲು ಮೂರು ದಾರಿಗಳಿವೆ. ಮನೆ ಬಿಚ್ಚುವಲ್ಲೇ ಇಡೀ ಲಾಟು (ಬಂದ ಕಟ್ಟಿಗೆಯನ್ನೆಲ್ಲ ಒಟ್ಟಿಗೆ) ಹಿಡಿಯಬಹುದು, ಹಳೇ ಕಟ್ಟಿಗೆ ಮಾರುವ ಅಡ್ಡೆಗೆ ಹೋಗಿ ಘನ ಅಡಿ ಲೆಕ್ಕದಲ್ಲಿ ಆರಿಸಬಹುದು, ಇಲ್ಲವೇ ಬಾಗಿಲು-ಚೌಕಟ್ಟುಗಳನ್ನು ಒಂದೊಂದಾಗಿ ತರಬಹುದು. ಮೂರೂ ಕಡೆಯ ಮಾಲನ್ನು ಕೊಯ್ಯಿಸಿ ನೋಡಿದ ಮೇಲೆ ನಮ್ಮ ಲೆಕ್ಕ ಇಷ್ಟೇ: ರಂದಾ ಹೊಡೆದ ಮೇಲೆ ಕೈಗೆ ಬರುವ ಘನ ಅಡಿಗೆ ಬೆಲೆ ಕಟ್ಟಬೇಕು. ಮಾರುವವರು ಹೇಳುವುದು ಹೊರಮೈ ಅಳತೆಯ ದರ.

ಅಡ್ಡೆಯಲ್ಲಿ 8×6 ಇಂಚಿನ 10 ಅಡಿ ತೊಲೆ ಇದೆ ಅನ್ನಿ. ಇಂಚುಗಳನ್ನು ಅಡಿಯೊಂದಿಗೆ ಗುಣಿಸಿ 144ರಿಂದ ಭಾಗಿಸಿದರೆ 3.33 ಘನ ಅಡಿ. ಆದರೆ ಗೋಡೆಯೊಳಗೆ ಹೂತಿದ್ದ ತುದಿಗಳು ಹಸಿ ಹೀರಿ ಮೆತ್ತಗಾಗಿರುತ್ತವೆ, ಎರಡೂ ಕಡೆ ಒಂದೊಂದು ಅಡಿ ಕತ್ತರಿಸಲೇಬೇಕು. ಮೊಳೆ ತೂತು, ಹೊಗೆ, ಸೀಳು ಹೋಗಲು ನಾಲ್ಕೂ ಮೈಗೆ ಅರ್ಧ ಇಂಚು ತೆಗೆಯಿರಿ. ಉಳಿಯುವುದು 7×5 ಇಂಚು, 8 ಅಡಿ, ಅಂದರೆ 1.94 ಘನ ಅಡಿ. ನೂರಕ್ಕೆ 58 ಮಾತ್ರ!

ಹೊಸ ಸಾಗವಾನಿಯ ದರ ಘನ ಅಡಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳೋಣ (ನಿಮ್ಮೂರಿನ ದರ ಹಾಕಿಕೊಳ್ಳಿ, ಜಿಎಸ್‌ಟಿ ಸೇರಿಸಿಯೇ). 1.94 ಘನ ಅಡಿಗೆ 7,760. ಹಳೆಯದಕ್ಕೆ ಮುಕ್ಕಾಲು ಕೊಟ್ಟರೆ 5,820. ಮೊಳೆ ಕೀಳುವುದು, ಕೊಯ್ಲು, ಸಾಗಾಣಿಕೆ ಸೇರಿ 700 ಕಳೆದರೆ 5,120. ಹೊರಮೈ ಅಳತೆಗೆ ಹಂಚಿದರೆ ಘನ ಅಡಿಗೆ ಸುಮಾರು 1,540 ನ್ಯಾಯದ ಬೆಲೆ. ಅಡ್ಡೆಯವನು 2,500 ಕೇಳಿದರೆ ತೊಲೆಗೆ 8,300 ದಾಟಿತು, ಹೊಸದೇ ಅಗ್ಗ! ಮುಕ್ಕಾಲಿಗಿಂತ ಕೆಳಗೆ ಎಳೆಯುವುದೂ ಸರಿಯಲ್ಲ. ಹಳೇ ಕಟ್ಟಿಗೆ ಒಣಗಿ ಕೂತಿರುತ್ತದೆ, ಬಾಗಿಲು ಮಾಡಿದ ಮೇಲೆ ಹೊಸದರಷ್ಟು ಕುಗ್ಗುವುದಿಲ್ಲ.

ಜಂತಿಗೆ, ಅಂದರೆ ತೊಲೆಗಳ ಮೇಲೆ ಅಡ್ಡ ಹಾಕುವ ಸಣ್ಣ ಮರಕ್ಕೆ, ತೊಲೆಯ ದರ ಒಪ್ಪಬೇಡಿ. 3×3 ಇಂಚಿನ 6 ಅಡಿ ಜಂತಿ 0.375 ಘನ ಅಡಿ. ಅದೇ ಅರ್ಧ ಇಂಚು ಕೆತ್ತಿ, ತುದಿಗಳಲ್ಲಿ ಅರ್ಧರ್ಧ ಅಡಿ ಬಿಟ್ಟರೆ 0.14 ಬರುತ್ತದೆ. ಮತ್ತೆ ಜಂತಿಯಾಗಿಯೇ ಹಾಕುವವರಿಗೆ ಸರಿ, ಕೊಯ್ಯುವವರಿಗೆ ಅಲ್ಲ.

ಲಾಟಿನಲ್ಲಿ ದರ ಇಳಿಯುತ್ತದೆ. ಆಲಮಟ್ಟಿ ಹಿನ್ನೀರಿನ ಕಡೆಯಂತೆ ಒಟ್ಟಿಗೆ ಹಲವು ಮನೆ ಬಿಚ್ಚುವಲ್ಲಿ ಮಾರುವವನಿಗೂ ಜಾಗ ಖಾಲಿಯಾಗುವ ಅವಸರ. ಯಾವ ತೊಲೆಯ ಮೇಲೆ ಮಾಳಿಗೆ ಸೋರುತ್ತಿತ್ತು ಎಂಬುದೂ ಅಲ್ಲೇ ಕಾಣುತ್ತದೆ. ಅಡ್ಡೆಗೆ ಬಂದು ಎಣ್ಣೆ ಹಚ್ಚಿಸಿಕೊಂಡ ಮೇಲೆ ಕಾಣದು. ತೊಂದರೆ ಅಂದರೆ ಲಾಟಿನಲ್ಲಿ ಮತ್ತಿ, ಬೇವು, ಜಾಲಿ ಎಲ್ಲವೂ ಸಾಗವಾನಿ ಹೆಸರಲ್ಲೇ ಬರುತ್ತವೆ. ಮಸಿಯ ಕೆಳಗೆ ಉಳಿಯಿಂದ ಒಂದು ಚಕ್ಕೆ ಎಬ್ಬಿಸಿ ಮೂಸಿರಿ: ಸಾಗವಾನಿಗೆ ಚರ್ಮದಂಥ ವಾಸನೆ, ಮೈ ಜಿಡ್ಡು. ಸಂಶಯವಿದ್ದರೆ ತೂಗಿಸಿ. ಒಣ ಸಾಗವಾನಿ ಘನ ಅಡಿಗೆ ಸುಮಾರು 18 ಕಿಲೋ, ಮತ್ತಿ 24ರ ಆಸುಪಾಸು. ಮೇಲಿನ ತೊಲೆ 60 ಕಿಲೋ ಬದಲು 80 ತೂಗಿದರೆ ಅದು ಸಾಗವಾನಿ ಆಗಿರಲಿಕ್ಕಿಲ್ಲ. ಲಾಟಿಗೆ ಬೆಲೆ ಕಟ್ಟುವಾಗ ತೊಲೆ, ಕಂಬ ಮಾತ್ರ ಎಣಿಸಿ, ಉಳಿದದ್ದಕ್ಕೆ ಉರುವಲಿನ ಬೆಲೆ ಹಾಕಿ. ಕಟ್ಟಿಗೆ ಸಾಗಿಸಲು ರಹದಾರಿ (ಸಾಗಾಣಿಕೆ ಪರವಾನಗಿ) ಬೇಕೇ ಎಂದು ಲಾರಿ ತುಂಬುವ ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ.

ಲಾಟಿಗೆ ಹೋದರೂ ಅಡ್ಡೆಗೆ ಹೋದರೂ ಹಳೇ ಸ್ಪೀಕರಿನ ಆಯಸ್ಕಾಂತ ಒಯ್ಯಿರಿ. ತಲೆ ಮುರಿದು ಒಳಗುಳಿದ ಮೊಳೆಯ ಸುತ್ತ ಕಪ್ಪು ಕಲೆ ಇರುತ್ತದೆ, ಅಲ್ಲಿ ಆಡಿಸಿ. ಒಂದು ಮೊಳೆ ತಪ್ಪಿದರೂ ಬ್ಯಾಂಡ್‌ಸಾ ಬ್ಲೇಡು ಹೋಗುತ್ತದೆ, ಅದರ ಹಣವನ್ನು ಸಾಮಿಲ್ಲಿನವರು ನಿಮ್ಮಿಂದಲೇ ವಸೂಲು ಮಾಡುತ್ತಾರೆ.

ಚೌಕಟ್ಟನ್ನು ಕೊಯ್ಯಲು ಕೊಳ್ಳಬೇಡಿ. ಕೀಲಿನ ತೂತು, ಬಿಜಾಗರಿ ತಗ್ಗುಗಳಲ್ಲೇ ಅರ್ಧ ಮಾಲು ಹೋಗುತ್ತದೆ. ಹಾಗೆಯೇ ಕೂಡಿಸುವುದಾದರೆ ಮಾತ್ರ ಲಾಭ, ಕೆತ್ತನೆಯಿದ್ದರೆ ಘನ ಅಡಿಯ ಮಾತೇ ಬರುವುದಿಲ್ಲ. ಹೊಸ್ತಿಲ ಕೆಳಭಾಗಕ್ಕೆ ಚಾಕು ಚುಚ್ಚಿ ನೋಡಿ, ಚೌಕಟ್ಟಿನ ಎರಡೂ ಕರ್ಣ (ಮೂಲೆಯಿಂದ ಎದುರು ಮೂಲೆಗೆ) ಅಳೆಯಿರಿ. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬಡಿಗ ಕೀಲು ಬಿಚ್ಚಿ ಮತ್ತೆ ಕೂಡಿಸಬೇಕಾಗುತ್ತದೆ, ಆ ಕೂಲಿಯನ್ನು ಬೆಲೆಯಲ್ಲಿ ಕಳೆಯಿರಿ.