ಮೊಸೆಲ್ ಕಣಿವೆಯ ವೈನ್ ಸುತ್ತಾಟ: ಮೊದಲು ಗುಡ್ಡ ಹತ್ತಿ, ಆಮೇಲೆ ಗ್ಲಾಸ್ ಹಿಡೀರಿ

ಫ್ರಾಂಕ್‌ಫರ್ಟ್ ಕಡೆ ಇರುವ ನಮ್ಮವರು ಊರಿಂದ ಯಾರಾದರೂ ಬಂದರೆ ಸಾಮಾನ್ಯವಾಗಿ ರೈನ್ ನದಿಯ ದೋಣಿ ಹತ್ತಿಸಿ ಕಳಿಸುತ್ತಾರೆ. ಚೆನ್ನಾಗೇ ಇರುತ್ತೆ. ಆದರೆ ವೈನ್ ಬಗ್ಗೆ ಒಂಚೂರು ಆಸಕ್ತಿ ಇದ್ದರೂ ಸಾಕು, ಇನ್ನೊಂದಿಷ್ಟು ದೂರ, ಜರ್ಮನಿಯದ್ದೇ ಮೊಸೆಲ್ ನದಿಯ ಕಣಿವೆಗೆ ಹೋಗಿ ಬನ್ನಿ. ಯುರೋಪಿನ ವೈನ್ ಊರುಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ಕೊಬ್ಲೆಂಟ್ಸ್‌ನಿಂದ ಟ್ರಿಯರ್ ಕಡೆಗೆ ಹೋಗುವ ರೈಲಿನಲ್ಲಿ ಎಡಿಗರ್-ಎಲ್ಲರ್ ಅನ್ನೋ ಸಣ್ಣ ಸ್ಟೇಷನ್‌ನಲ್ಲಿ ಇಳಿದುಕೊಳ್ಳಿ. ಅಲ್ಲಿಂದ ಬ್ರೆಮ್ ಹಳ್ಳಿಯವರೆಗೆ ಕಾಲ್ಮೊಂಟ್ ಗುಡ್ಡದ ಮೇಲೆ ಕಾಲುದಾರಿ ಇದೆ. ಯುರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟಗಳಲ್ಲಿ ಇದೂ ಒಂದು, ಕೆಲವು ಕಡೆ ಇಳಿಜಾರು 60 ಡಿಗ್ರಿ ದಾಟುತ್ತೆ. ದಾರಿಯಲ್ಲಿ ಕಬ್ಬಿಣದ ಏಣಿ, ಹಿಡಿದುಕೊಳ್ಳೋಕೆ ಹಗ್ಗ ಎಲ್ಲಾ ಇವೆ. ಒಳ್ಳೆ ಶೂ ಇಲ್ಲದಿದ್ದರೆ ಹತ್ತಲೇಬೇಡಿ. ಮಂಡಿನೋವು ಇರುವವರು ಕೆಳಗೆ ನದಿ ಪಕ್ಕದ ರಸ್ತೆಯಲ್ಲೇ ನಡೆಯಬಹುದು.

ಹತ್ತುವಾಗ ಒಂದು ಕಡೆ ನಿಂತು ಗಿಡವನ್ನು ಹತ್ತಿರದಿಂದ ನೋಡಿ. ಇಲ್ಲಿ ಚಪ್ಪರ ಇಲ್ಲ. ಹಳೇ ತೋಟಗಳಲ್ಲಿ ಒಂದೊಂದು ಬಳ್ಳಿಗೂ ಒಂದೊಂದು ಗೂಟ. ಎರಡು ಕಡ್ಡಿಗಳನ್ನು ಎರಡೂ ಕಡೆಗೆ ಬಾಗಿಸಿ ಕೆಳಗೆ ತಂದು ಅದೇ ಗೂಟಕ್ಕೆ ಕಟ್ಟಿರುತ್ತಾರೆ, ನೋಡೋಕೆ ಹೃದಯದ ಆಕಾರ. ಬುಡದಲ್ಲಿ ಮಣ್ಣೇ ಕಾಣಲ್ಲ, ಬರೀ ಚಪ್ಪಟೆ ಸ್ಲೇಟ್ ಕಲ್ಲಿನ ಚೂರುಗಳು. ಮಧ್ಯಾಹ್ನ ಆ ಕಲ್ಲಿನ ಮೇಲೆ ಅಂಗೈ ಇಟ್ಟರೆ ಸುಡುತ್ತೆ. ಹಗಲು ಹೀರಿದ ಬಿಸಿಯನ್ನು ರಾತ್ರಿ ನಿಧಾನಕ್ಕೆ ಬಿಡುತ್ತೆ, ಅದಕ್ಕೇ ಇಷ್ಟು ಉತ್ತರದ ಚಳಿ ನಾಡಿನಲ್ಲೂ ದ್ರಾಕ್ಷಿ ಹಣ್ಣಾಗೋದು. ಟ್ರ್ಯಾಕ್ಟರ್ ಬರೋ ಮಾತೇ ಇಲ್ಲ. ಒಂದೇ ಹಳಿಯ ಮೇಲೆ ತೆವಳುವ ಪುಟ್ಟ ಗಾಡಿಯಲ್ಲಿ ಹಣ್ಣಿನ ಬುಟ್ಟಿ ಇಳಿಸುತ್ತಾರೆ, ಬಾಕಿ ಕೆಲಸವೆಲ್ಲ ಕೈಯಲ್ಲೇ.

ಇಲ್ಲಿಯ ರಾಜ ರೀಸ್ಲಿಂಗ್ ಅನ್ನೋ ಬಿಳಿ ದ್ರಾಕ್ಷಿ. ಟ್ರಿಯರ್ ಆಳುತ್ತಿದ್ದ ದೊರೆ 1787ರಲ್ಲಿ ಕಳಪೆ ಬಳ್ಳಿ ಕಿತ್ತು ಒಳ್ಳೆ ತಳಿ ನೆಡಿ ಅಂತ ಆಜ್ಞೆ ಹೊರಡಿಸಿದ್ದ. ಇವತ್ತು ಅರ್ಧಕ್ಕಿಂತ ಜಾಸ್ತಿ ತೋಟ ರೀಸ್ಲಿಂಗ್‌ನದ್ದೇ. ಆದರೆ ಇಲ್ಲಿ ವೈನ್ ಕಥೆ ಶುರುವಾಗಿದ್ದು ರೋಮನ್ನರ ಕಾಲದಲ್ಲೇ, ಪೀಸ್‌ಪೋರ್ಟ್ ಊರಿನಲ್ಲಿ ಅವರು ದ್ರಾಕ್ಷಿ ಹಿಂಡುತ್ತಿದ್ದ ಕಲ್ಲಿನ ತೊಟ್ಟಿಗಳು 1985ರಲ್ಲಿ ಸಿಕ್ಕಿವೆ.

ಈಗ ರುಚಿ ನೋಡೋ ವಿಷಯ. ನದಿ ದಂಡೆಯಲ್ಲಿ ಟೂರಿಸ್ಟ್ ಬಸ್ಸು ನಿಲ್ಲುವ ಜಾಗದ ಒಂದು ಅಂಗಡಿಯಲ್ಲಿ ನನಗೆ ಸಿಕ್ಕಿದ್ದು ಬೆಚ್ಚಗಾಗಿದ್ದ ವೈನ್, ಯಾವ ತೋಟದ್ದು ಅಂತ ಕೇಳಿದರೆ ಉತ್ತರವೂ ಇಲ್ಲ. ಅಂಥ ಕಡೆ ದುಡ್ಡು ಹಾಕಬೇಡಿ. ಹಳ್ಳಿಯೊಳಗೆ ಹೋಗಿ, ತಾವೇ ಬೆಳೆದು ತಾವೇ ವೈನ್ ಮಾಡುವ ಮನೆಗಳನ್ನು ಹುಡುಕಿ. ನಾನು ಹೋಗಿದ್ದ ಮನೆಯಲ್ಲಿ ಅಜ್ಜ ಒಂದು ನೀಲಿ ಸ್ಲೇಟ್, ಒಂದು ಕೆಂಪು ಸ್ಲೇಟ್ ಮೇಜಿನ ಮೇಲಿಟ್ಟು, ಎರಡೂ ಮಣ್ಣಿನ ವೈನ್ ಪಕ್ಕಪಕ್ಕದಲ್ಲಿ ಸುರಿದರು. ಅದೇ ವರ್ಷ, ಅದೇ ದ್ರಾಕ್ಷಿ, ಆದರೂ ಒಂದು ನಿಂಬೆಯ ಹಾಗೆ ಚುರುಕು, ಇನ್ನೊಂದರಲ್ಲಿ ಪೀಚ್ ಹಣ್ಣಿನ ಘಮ. ಅಷ್ಟೊತ್ತು ಕೂತು ವಿವರಿಸಿದ್ದಕ್ಕೆ ಅವರು ತಗೊಂಡ ದುಡ್ಡು ಏನೇನೂ ಅಲ್ಲ, ಬಾಟಲಿ ಕೊಂಡಾಗ ಅದನ್ನೂ ಕಳೆದರು.

ಹೊಸಬರು ಕಾಬಿನೆಟ್ ಅನ್ನೋ ಬಗೆಯ ವೈನ್ ಕೇಳಿ. ಹಗುರ, ಚೂರು ಸಿಹಿ, ಜೊತೆಗೆ ಹುಳಿ. ಸಿಹಿ ಇರೋ ಬಾಟಲಿಗಳಲ್ಲಿ ಆಲ್ಕೊಹಾಲ್ 8-9 ಶೇಕಡಾ ಅಷ್ಟೇ. ಸಿಹಿ ಬೇಡ ಅಂದರೆ ಬಾಟಲಿ ಮೇಲೆ ಟ್ರೋಕನ್ ಅಂತ ಇದೆಯಾ ನೋಡಿಕೊಳ್ಳಿ. ನಮ್ಮ ಖಾರದ ಊಟಕ್ಕೆ ಮಾತ್ರ ಆ ಸಿಹಿನೇ ಬೇಕು. ಕೋರಿ ಗಸ್ಸಿ ಜೊತೆ ಕುಡಿದು ನೋಡಿ, ಕೆಂಪು ವೈನ್ ಯಾಕೆ ಬೇಕಿತ್ತು ಅನ್ಸುತ್ತೆ.

ನನಗೆ ಬೇಜಾರಾಗಿದ್ದು ಐಸ್‌ವೈನ್ ವಿಷಯ. ಹಣ್ಣನ್ನು ಬಳ್ಳಿಯಲ್ಲೇ ಬಿಟ್ಟು, ಮೈನಸ್ 7 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಹೋದಾಗ ಹೆಪ್ಪುಗಟ್ಟಿದ್ದನ್ನೇ ಕಿತ್ತು ಹಿಂಡಬೇಕು. 2019ರ ಬೆಳೆಗೆ ಅಂಥ ಚಳಿಯೇ ಬರಲಿಲ್ಲ, ಇಡೀ ಜರ್ಮನಿಯಲ್ಲಿ ಐಸ್‌ವೈನ್ ಕೈಗೆ ಸಿಗಲಿಲ್ಲ. ಸುಮ್ನೆ ಒಂದು ವರ್ಷದ ಮಾತಲ್ಲ, ಚಳಿಗಾಲಗಳೇ ಮೆತ್ತಗಾಗಿವೆ. ಹಾಗಂತ ಚಳಿಯ ಕಾಟ ತಪ್ಪಿತಾ ಅಂದರೆ ಅದೂ ಇಲ್ಲ. ಮೊದಲೇ ಬೆಚ್ಚಗಾಗಿ ಬಳ್ಳಿ ಬೇಗ ಚಿಗುರುತ್ತೆ, ಆಮೇಲೆ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಚಿಗುರೆಲ್ಲ ಕರಟಿ ಹೋಗುತ್ತೆ. 2024ರ ಏಪ್ರಿಲ್‌ನಲ್ಲಿ ಮೊಸೆಲ್‌ಗೆ ಸೇರುವ ಸಾರ್, ರೂವರ್ ನದಿಗಳ ಕಡೆ ಹೀಗೇ ಆಯಿತು. ಬೇಸಿಗೆಯಲ್ಲಿ ಹಣ್ಣಿಗೆ ಬಿಸಿಲು ಜಾಸ್ತಿ ಬಿದ್ದರೆ ರೀಸ್ಲಿಂಗ್ ವೈನ್‌ನಲ್ಲಿ ಕೆಲವೊಮ್ಮೆ ಬರುವ ಸೀಮೆಎಣ್ಣೆಯಂಥ ವಾಸನೆಯೂ ಜಾಸ್ತಿಯಾಗುತ್ತೆ. ಅದಕ್ಕೇ ಈಗ ಗೊಂಚಲಿಗೆ ನೆರಳಿರಲಿ ಅಂತ ಎಲೆ ಉಳಿಸಿಕೊಳ್ಳುತ್ತಾರೆ.

ಕಡಿದಾದ ತೋಟದಲ್ಲಿ ಕೆಲಸ ಸಮತಟ್ಟಾದ ಜಾಗದ ಮೂರರಷ್ಟಾದರೂ ಇರುತ್ತೆ, ಆದರೆ ಬಾಟಲಿಗೆ ಮೂರರಷ್ಟು ಬೆಲೆ ಸಿಗಲ್ಲ. ಎಷ್ಟೋ ಮೆಟ್ಟಿಲು ತೋಟಗಳು ಪಾಳು ಬಿದ್ದು ಪೊದೆ ಬೆಳೆದಿವೆ. ವಿನ್ನಿಂಗನ್ ಊರಿನ ಸುತ್ತ ಈ ತೋಟಗಳ ಬಿಸಿ ಕಲ್ಲುಗೋಡೆಗಳಲ್ಲಿ ಬದುಕುವ ಅಪೋಲೊ ಚಿಟ್ಟೆಗೂ ಬಯಲು ಕಲ್ಲು, ಬಿಸಿಲು ಬೇಕು. ತೋಟ ಪೊದೆಯಾದರೆ ಅದರ ನೆಲೆಯೂ ಹೋಗುತ್ತೆ. ಅಂಗಡಿಯಲ್ಲಿ ಎರಡು ಯೂರೋ ಕಮ್ಮಿಗೆ ಸಿಗುವ ಬಾಟಲಿ ಬಿಟ್ಟು ಗುಡ್ಡದ ತೋಟದ್ದನ್ನೇ ಕೊಳ್ಳಿ ಅಂತ ನಾನು ಪಟ್ಟು ಹಿಡಿಯೋದು ಇದಕ್ಕೇ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಕಳೆದಿದ್ದು ಯಾಕೆ ಅಂದರೆ ಚಿಕ್ಕ ಮನೆಗಳಲ್ಲಿ ಇಂಗ್ಲಿಷ್ ಕಷ್ಟ, ಮೊದಲೇ ಫೋನ್ ಮಾಡದೆ ಹೋದರೆ ಬಾಗಿಲು ಹಾಕಿರಬಹುದು. ಕೊಯ್ಲಿನ ಸಮಯದಲ್ಲಂತೂ ಅವರಿಗೆ ಪುರುಸೊತ್ತೇ ಇರಲ್ಲ, ಮೇ-ಜೂನ್ ಒಳ್ಳೇದು. ಊರಿಗೆ ಒಯ್ಯೋರು ಗಮನಿಸಿ: ಭಾರತಕ್ಕೆ ಒಬ್ಬರು ಸುಂಕ ಇಲ್ಲದೆ 2 ಲೀಟರ್ ತರಬಹುದು, ಅಂದರೆ 750 ಮಿಲಿಯ ಎರಡು ಬಾಟಲಿ. ಬಟ್ಟೆ ಸುತ್ತಿ ಚೆಕ್-ಇನ್ ಬ್ಯಾಗಿನಲ್ಲೇ ಇಡಿ.