ಟ್ಯಾಗ್ ಮೇಲಿನ ಫೋಟೋ ನೋಡಿ ಇಂಗ್ಲಿಷ್ ಗುಲಾಬಿ ತಗೋಬೇಡಿ

ಚಿಕ್ಕಮಗಳೂರು, ಹಾಸನ ಕಡೆ ಗುಲಾಬಿ ಹುಚ್ಚು ಇರೋರು ದಯವಿಟ್ಟು ಪೂರ್ತಿ ಓದಿ. ಸಂತೆ ದಿನ ಟೆಂಪೋದಲ್ಲಿ ಗಿಡ ಹಾಕ್ಕೊಂಡು ಬರ್ತಾರಲ್ಲ, ಅದರಲ್ಲಿ ಒಬ್ರು 'ಮನ್‌ಸ್ಟೆಡ್ ವುಡ್' ಅಂತ ಕಡುಗೆಂಪು ಹೂವಿನ ಫೋಟೋ ಕಟ್ಟಿ ಒಂದು ಗಿಡ 650 ರೂಪಾಯಿಗೆ ಮಾರ್ತಿದ್ರು. ಗಿಡದಲ್ಲಿ ಒಂದು ಮೊಗ್ಗೂ ಇಲ್ಲ. ಕೇಳಿದ್ರೆ "ಮುಂದಿನ ತಿಂಗಳು ಬಿಡತ್ತೆ ಮೇಡಂ, ಗ್ಯಾರಂಟಿ" ಅಂದ್ರು. ನಾನೂ ತಗೊಂಡೆ, ನಮ್ಮ ಅತ್ತಿಗೆನೂ ತಗೊಂಡ್ರು, ಇಬ್ರಿಗೂ ಮೋಸ ಆಯ್ತು.

ನಿಜವಾದ ಮನ್‌ಸ್ಟೆಡ್ ವುಡ್ ಇಂಗ್ಲೆಂಡಿನ ಡೇವಿಡ್ ಆಸ್ಟಿನ್ ಅವರ ತಳಿ, 2007ರಲ್ಲಿ ಬಂದಿದ್ದು, ಸುಮಾರು ಮೂರಡಿ ಪೊದೆ, ಹೂವು ದೊಡ್ಡದು, ತುಂಬಾ ಎಸಳು, ಒಳಗೆಲ್ಲ ಮಖಮಲ್ ಥರ ಕಡುಗೆಂಪು, ಹೊರಗಿನ ಎಸಳು ಸ್ವಲ್ಪ ತಿಳಿ, ಹತ್ರ ಹೋದ್ರೆ ಘಮ್ ಅನ್ನತ್ತೆ. ಆ ವಾಸನೆಗೋಸ್ಕರಾನೇ ಅಲ್ವಾ ಅಷ್ಟು ದುಡ್ಡು ಕೊಡೋದು!

ನಮ್ಮ ಗಿಡ ಮಳೆಗಾಲದಲ್ಲಿ ಸರಸರ ಬೆಳೀತು, ಉದ್ದುದ್ದ ಹಸಿರು ಕೊಂಬೆ, ಅತ್ತಿಗೆ ಅಂತೂ ದಿನಾ ಹೋಗಿ ನೋಡಿ ಖುಷಿಪಡ್ತಿದ್ರು. ಚಳಿ ಮುಗಿದ ಮೇಲೆ ಬಿಟ್ಟಿದ್ದು ಗೊಂಚಲು ಗೊಂಚಲು ಪುಟ್ಟ ಬಿಳಿ ಹೂವು, ಐದೇ ಎಸಳು. ಇಂಥ ಗಿಡ ಮಾಡೋದು ಕಾಡು ಗುಲಾಬಿ ಬುಡಕ್ಕೆ ಒಳ್ಳೆ ತಳಿಯ ಕಣ್ಣು, ಅಂದ್ರೆ ಚಿಗುರೊಡೆಯೋ ಮೊಗ್ಗು, ಕೂರಿಸಿ ಕಸಿ ಕಟ್ಟಿ. ಬುಡದ ಮಣ್ಣು ಸರಿಸಿ ನೋಡಿದ್ರೆ ಕಸಿ ಕಟ್ಟಿದ ಪ್ಲಾಸ್ಟಿಕ್ ಟೇಪ್ ಹಾಗೇ ಇದೆ, ಒಳಗೆ ಕೂರಿಸಿದ್ದ ಕಣ್ಣು ಕರ್ರಗೆ ಒಣಗಿದೆ, ಉಗುರಲ್ಲಿ ಕೆರೆದ್ರೆ ಪುಡಿ ಉದುರ್ತು. ಬೆಳೆದಿದ್ದೆಲ್ಲ ಟೇಪಿನ ಕೆಳಗಿನ ಕಾಡು ಗುಲಾಬಿ. ಟ್ಯಾಗ್ ಮೇಲಿದ್ದ ನಂಬರ್ ಸ್ವಿಚ್ ಆಫ್. ವರ್ಷ ಪೂರ್ತಿ ಗೊಬ್ಬರ ಹಾಕಿ ಸಾಕಿದ ಮೇಲೆ ಹೀಗಾದ್ರೆ ಎಷ್ಟು ಬೇಜಾರಾಗತ್ತೆ ಹೇಳಿ.

ಹಾಗಾಗಿ ಹೂವು ಅರಳಿರೋ ಗಿಡಾನೇ ಕೇಳಿ, ಮೂಗಿಗೆ ಹಿಡಿದು ನೋಡಿ, ಕೊಡಲ್ಲ ಅಂದ್ರೆ ಬಿಟ್ಟು ಬನ್ನಿ. ಹೂವಿಲ್ಲದಿದ್ರೂ ಕಸಿ ಗಂಟು, ಅಂದ್ರೆ ಕಣ್ಣು ಕೂರಿಸಿದ ಜಾಗ, ಎಲ್ಲಿದೆ ತೋರಿಸಿ ಅನ್ನಿ, ಚಿಗುರು ಗಂಟಿನ ಮೇಲಿಂದ ಬಂದಿರಬೇಕು. ಈ ತಳಿಯ ಎಳೆ ಎಲೆ ಕೆಂಪು ಮಿಶ್ರಿತ ಕಂದು ಬಣ್ಣ ಇರತ್ತೆ, ನಮಗೆ ಕೊಟ್ಟಿದ್ದರಲ್ಲಿ ಚಿಗುರೂ ತಿಳಿ ಹಸಿರು, ಒಂದೊಂದು ಎಲೆಗೆ ಏಳು ಚಿಕ್ಕ ಎಲೆ, ತೊಟ್ಟಿನ ಬುಡದಲ್ಲಿ ಬಾಚಣಿಗೆ ಹಲ್ಲಿನಂಥ ಕೂದಲು. ಅದು ಕಂಡ್ರೆ ಕಾಡು ಗುಲಾಬಿ ಅಂತಾನೇ ಲೆಕ್ಕ.

ಈಗಾಗ್ಲೇ ತಗೊಂಡಿರೋರು ಇವತ್ತೇ ಬುಡ ನೋಡಿ. ಮೇಲಿನ ಕಣ್ಣು ಇನ್ನೂ ಹಸಿರಾಗಿದ್ರೆ ಗಿಡ ಉಳಿಸ್ಕೋಬಹುದು, ಆದ್ರೆ ಕೆಳಗಿನ ಚಿಗುರನ್ನ ಮಣ್ಣಿನ ಮಟ್ಟಕ್ಕೆ ಕತ್ತರಿಸಬೇಡಿ, ಅದು ಇನ್ನೂ ಜಾಸ್ತಿ ಒಡೆಯತ್ತೆ, ಬೇರಿಂದ ಹೊರಟ ಜಾಗದಲ್ಲೇ ಹಿಡಿದು ಕಿತ್ತು ತೆಗೀರಿ.